ಮೂರು ಘನ ಮೀಟರಿನಲ್ಲಿ ಒಂದು ಮನೆ

ಬೆಂಗಳೂರಿನ ಯಾವುದೇ ದೊಡ್ಡ ವಸತಿ ಸಮುಚ್ಚಯದ ಸೂಚನಾ ಫಲಕವನ್ನು ನೋಡಿದರೂ ಅಲ್ಲೊಂದು ಚೀಟಿ ಇದ್ದೇ ಇರುತ್ತದೆ. ಮನೆಯವರು ವಿದೇಶಕ್ಕೆ ತೆರಳುತ್ತಿರುವ ಕಾರಣ ಸೋಫಾ, ಊಟದ ಮೇಜು, ರೆಫ್ರಿಜರೇಟರ್, ಮಂಚ ಮಾರಾಟಕ್ಕಿವೆ ಎಂಬ ಒಕ್ಕಣೆ. ಕೆಳಗೊಂದು ದೂರವಾಣಿ ಸಂಖ್ಯೆ. ಓದುವವರು ಬೆಲೆಯ ಮೇಲೆ ಕಣ್ಣು ಹಾಯಿಸಿ ಮುಂದೆ ಹೋಗುತ್ತಾರೆ. ಆದರೆ ಆ ಪಟ್ಟಿಯ ಹಿಂದೆ ಇನ್ನೂ ಎರಡು ಪಟ್ಟಿಗಳಿರುತ್ತವೆ, ಅವು ಫಲಕಕ್ಕೆ ಬರುವುದಿಲ್ಲ. ಒಂದು, ಹಡಗಿನಲ್ಲಿ ಕಳುಹಿಸಬೇಕಾದ ವಸ್ತುಗಳದು. ಇನ್ನೊಂದು, ಕಳುಹಿಸಲೂ ಆಗದ, ಮಾರಲೂ ಮನಸ್ಸು ಬಾರದ ವಸ್ತುಗಳದು. ಮೊದಲಿನ ಎರಡಕ್ಕೆ ಸಾಗಣೆ ಸಂಸ್ಥೆಗಳವರು ಅಚ್ಚು ಹಾಕಿಸಿದ ಕೈಪಿಡಿ ಕೊಡುತ್ತಾರೆ. ಮೂರನೆಯದನ್ನು ಮಾತ್ರ ಮನೆಯವರೇ ಕುಳಿತು ಬರೆಯಬೇಕು.

ಹಿಂದಿನವರಿಗೆ ಈ ತೊಡಕು ಇಷ್ಟರ ಮಟ್ಟಿಗೆ ಇರಲಿಲ್ಲ. 1960ರ ದಶಕದ ಕೊನೆಯಲ್ಲಿ ಉನ್ನತ ವ್ಯಾಸಂಗಕ್ಕೆಂದು ಅಮೆರಿಕಕ್ಕೆ ಹೊರಟ ವಿದ್ಯಾರ್ಥಿಯ ಜೇಬಿನಲ್ಲಿ ಸರ್ಕಾರ ಅನುಮತಿಸುತ್ತಿದ್ದ 8 ಡಾಲರ್ ಇರುತ್ತಿತ್ತು. ಕೈಯಲ್ಲೊಂದು ಸೂಟ್‌ಕೇಸ್, ಅದರೊಳಗೆ ನಾಲ್ಕು ಜೊತೆ ಬಟ್ಟೆ, ಒಂದೆರಡು ಪುಸ್ತಕ, ತಾಯಿ ಕಟ್ಟಿಕೊಟ್ಟ ಚಟ್ನಿಪುಡಿ. ಮನೆ ಎಂಬುದು ಇಲ್ಲಿಯೇ, ತಂದೆತಾಯಿಯರ ಬಳಿಯೇ ಉಳಿಯುತ್ತಿತ್ತು. ಇಂದು ಹೊರಡುವವರಲ್ಲಿ ಹಲವರು ಹತ್ತು ಹನ್ನೆರಡು ವರ್ಷ ಇಲ್ಲಿ ಸಂಸಾರ ಕಟ್ಟಿದವರು. ಶಾಲೆಗೆ ಹೋಗುವ ಮಕ್ಕಳಿರುವವರು. ಹಾಗೆ ನೋಡಿದರೆ ಮನೆಯನ್ನೇ ಹೊತ್ತೊಯ್ಯುವ ಸೌಕರ್ಯವೂ ಅವರಿಗಿದೆ. 1956ರ ಏಪ್ರಿಲ್‌ನಲ್ಲಿ ಮಾಲ್ಕಂ ಮೆಕ್ಲೀನ್ ಎಂಬ ಅಮೆರಿಕದ ಲಾರಿ ಉದ್ಯಮಿ ‘ಐಡಿಯಲ್ ಎಕ್ಸ್’ ಎಂಬ ಹಳೆಯ ತೈಲ ಹಡಗಿನ ಮೇಲೆ 58 ಲೋಹದ ಪೆಟ್ಟಿಗೆಗಳನ್ನಿಟ್ಟು ನ್ಯೂಆರ್ಕ್‌ನಿಂದ ಹ್ಯೂಸ್ಟನ್‌ಗೆ ಕಳುಹಿಸಿದ. ಕಾರ್ಖಾನೆಯ ಸರಕಿಗಾಗಿ ಹುಟ್ಟಿದ ಆ ಕಂಟೇನರ್ ವ್ಯವಸ್ಥೆಯೇ ಇಂದು ಮಧ್ಯಮ ವರ್ಗದ ಅಡುಗೆಮನೆಯನ್ನೂ ಸಾಗರದಾಚೆ ಮುಟ್ಟಿಸುತ್ತಿದೆ. ಎಲ್ಲವನ್ನೂ ಒಯ್ಯಬಹುದು ಎಂದಾದ ಮೇಲೆ ಯಾವುದನ್ನು ಒಯ್ಯಬೇಕು ಎಂಬ ಪ್ರಶ್ನೆ ಹುಟ್ಟಿತು.

ಕಳೆದ ವರ್ಷ ನನ್ನ ಮಗಳ ಸಂಸಾರ ಬೆಂಗಳೂರಿನಿಂದ ಮೆಲ್ಬರ್ನ್‌ಗೆ ಸ್ಥಳಾಂತರಗೊಂಡಿತು. ಮಗಳು, ಅಳಿಯ, ಎಂಟು ವರ್ಷದ ಮೊಮ್ಮಗಳು. ಕಾಯಂ ವಾಸದ ವೀಸಾ ದೊರೆತಿದ್ದರಿಂದ ಇಲ್ಲಿನ ಮನೆಯನ್ನು ಮಾರುವುದೆಂದು ಅವರು ನಿರ್ಧರಿಸಿದ್ದರು. ಕೈಯಲ್ಲಿದ್ದುದು ಆರು ವಾರ. ನೌಕರಿಯಲ್ಲಿದ್ದ ಅವರಿಬ್ಬರಿಗೆ ಪುರುಸೊತ್ತಿರಲಿಲ್ಲವಾಗಿ ಕೋಣೆಕೋಣೆಗೆ ಹೋಗಿ ಪಟ್ಟಿ ಬರೆಯುವ ಗುಮಾಸ್ತಿಕೆ ನಿವೃತ್ತನಾದ ನನ್ನ ಪಾಲಿಗೆ ಬಂದಿತು. ಆ ಆರು ವಾರಗಳಲ್ಲಿ ಕಂಡುಕೊಂಡ ಕೆಲವು ಸಂಗತಿಗಳು ಇದೇ ಹಾದಿಯಲ್ಲಿರುವ ಕುಟುಂಬಗಳಿಗೆ, ಅದಕ್ಕಿಂತ ಹೆಚ್ಚಾಗಿ ಇಲ್ಲಿಯೇ ಉಳಿಯುವ ನನ್ನಂತಹ ಹಿರಿಯರಿಗೆ ಉಪಯೋಗಕ್ಕೆ ಬರಬಹುದೆಂದು ಇದನ್ನು ಬರೆಯುತ್ತಿದ್ದೇನೆ.

ತೂಕವಲ್ಲ, ಗಾತ್ರ

ವಿಮಾನದಲ್ಲಿ ಓಡಾಡಿ ಅಭ್ಯಾಸವಾದ ನಾವು ಸಾಮಾನು ಎಂದೊಡನೆ ತಕ್ಕಡಿಯನ್ನು ನೆನೆಯುತ್ತೇವೆ. ಚೀಲ 23 ಕಿಲೋ ಮೀರಿದರೆ ಎದೆ ಹೊಡೆದುಕೊಳ್ಳುತ್ತದೆ. ಸಮುದ್ರದ ಲೆಕ್ಕ ಬೇರೆ. ಹಲವರ ಸರಕು ಒಂದೇ ಕಂಟೇನರಿನಲ್ಲಿ ಹೋಗುವಾಗ ದರವನ್ನು ಸಾಮಾನ್ಯವಾಗಿ ಘನ ಮೀಟರಿಗೆ ಇಷ್ಟೆಂದು ನಿಗದಿ ಮಾಡುತ್ತಾರೆ. ಒಂದು ಘನ ಮೀಟರಿಗೆ ಒಂದು ಟನ್ ತೂಕವನ್ನು ಸಮವೆಂದು ಹಿಡಿದು, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ ಕಟ್ಟುವುದು ಹಡಗು ವ್ಯವಹಾರದ ಹಳೆಯ ರೂಢಿ. ಮನೆಯ ಸಾಮಾನುಗಳಲ್ಲಿ ಘನ ಮೀಟರಿಗೆ ಟನ್ ತೂಗುವಂಥವು ಅಪರೂಪವಾದ್ದರಿಂದ ವಾಸ್ತವವಾಗಿ ನಾವು ಕೊಡುವುದು ಜಾಗದ ಬಾಡಿಗೆಯೇ.

ಈ ಒಂದು ಸಂಗತಿ ಮನೆಯೊಳಗಿನ ಅಂತಸ್ತುಗಳನ್ನೆಲ್ಲ ಬುಡಮೇಲು ಮಾಡುತ್ತದೆ. ಮೂವರು ಕೂರುವ ಸೋಫಾ ಅಳೆದರೆ ಒಂದೂವರೆ ಘನ ಮೀಟರಿಗೂ ಹೆಚ್ಚು. ಆರಡಿ ಅಗಲದ ಹಾಸಿಗೆ ಮುಕ್ಕಾಲು ಘನ ಮೀಟರಿಗೆ ಸಮೀಪ. ಇವುಗಳಲ್ಲಿ ನಾವು ಸಾಗಿಸುವುದು ಬಹುಪಾಲು ಸ್ಪಂಜು ಮತ್ತು ಗಾಳಿ. ಅದೇ 45 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ರಟ್ಟಿನ ಪೆಟ್ಟಿಗೆಗಳಾದರೆ ಒಂದು ಘನ ಮೀಟರಿನಲ್ಲಿ 24 ಹಿಡಿಯುತ್ತವೆ. ಸಾಧಾರಣ ಗಾತ್ರದ ಕನ್ನಡ ಕಾದಂಬರಿಗಳನ್ನು ಅವುಗಳಲ್ಲಿ ಒತ್ತಾಗಿ ಜೋಡಿಸಿದರೆ ಸಾವಿರಕ್ಕೂ ಹೆಚ್ಚು ಪುಸ್ತಕಗಳಾದವು. ವಿಮಾನದಲ್ಲಿ ಒಯ್ಯಲು ಹೋದರೆ ದಿವಾಳಿ ಎಬ್ಬಿಸುವ ಪುಸ್ತಕ, ಹಿತ್ತಾಳೆಯ ದೀಪ, ಕಂಚಿನ ಗಂಟೆ, ಕಬ್ಬಿಣದ ಬಾಣಲೆಗಳು ಹಡಗಿನಲ್ಲಿ ಅಗ್ಗ; ಅಂಗಡಿಯಲ್ಲಿ ದುಬಾರಿಯಾಗಿದ್ದ ಸೋಫಾ ಹಡಗಿನಲ್ಲಿ ಮತ್ತೂ ದುಬಾರಿ.

ಅಗ್ಗವೆಂಬ ಮಾತ್ರಕ್ಕೆ ಒಯ್ಯತಕ್ಕದ್ದು ಎಂದೂ ಅಲ್ಲ. ನನ್ನ ತಾಯಿಯ ರುಬ್ಬುವ ಕಲ್ಲು ಮಗಳ ಮನೆಯ ಬಾಲ್ಕನಿಯಲ್ಲಿತ್ತು. ಲೆಕ್ಕ ಹಾಕಿದರೆ ಇಡೀ ಮನೆಯಲ್ಲಿ ಅತ್ಯಂತ ಅಗ್ಗವಾಗಿ ಹೋಗಬಹುದಾದ ವಸ್ತು ಅದೇ. ಆದರೆ ಹತ್ತು ವರ್ಷಗಳಲ್ಲಿ ಅದರಲ್ಲಿ ಯಾರೂ ಏನನ್ನೂ ರುಬ್ಬಿರಲಿಲ್ಲ. ಅದರ ಗುಳಿಯಲ್ಲಿ ಗುಬ್ಬಿಗಳಿಗೆಂದು ನೀರಿಡುತ್ತಿದ್ದರು. ಬಾಡಿಗೆ ಹೇಳುವುದು ಒಯ್ಯುವ ಖರ್ಚನ್ನು ಮಾತ್ರ, ಒಯ್ಯುವ ಕಾರಣವನ್ನು ನಾವೇ ಹುಡುಕಬೇಕು.

20 ಅಡಿಯ ಕಂಟೇನರಿನೊಳಗೆ ಸುಮಾರು 33 ಘನ ಮೀಟರ್ ಜಾಗವಿರುತ್ತದೆ. ಮೂರು ಕೋಣೆಗಳ ಮನೆಯೊಂದು ಹೆಚ್ಚುಕಡಿಮೆ ಅದರಲ್ಲಿ ಸೇರಿಹೋಗುತ್ತದೆ. ಮಗಳು, ಅಳಿಯ ತಮ್ಮ ಉಳಿತಾಯವನ್ನು ನೋಡಿಕೊಂಡು ಮೂರು ಘನ ಮೀಟರ್ ಎಂದು ಗೆರೆ ಎಳೆದರು. ಮುಂದಿನ ಚರ್ಚೆಗಳೆಲ್ಲ ಆ ಗೆರೆಯೊಳಗೇ ನಡೆದವು. ಇನ್ನೊಂದು ಗೆರೆ ಕಾಲದ್ದು. ಬೆಂಗಳೂರಿನ ಸರಕು ಚೆನ್ನೈ ಬಂದರಿಗೆ ಹೋಗಿ, ನಡುವೆ ಯಾವುದಾದರೂ ದೊಡ್ಡ ಬಂದರಿನಲ್ಲಿ ಹಡಗು ಬದಲಿಸಿ, ಅಲ್ಲಿನ ತಪಾಸಣೆ ಮುಗಿಸಿಕೊಂಡು ಮನೆ ಬಾಗಿಲು ಮುಟ್ಟುವ ಹೊತ್ತಿಗೆ ಎರಡು ಮೂರು ತಿಂಗಳು ಕಳೆಯುತ್ತದೆ. ಎರಡು ಮೂರು ತಿಂಗಳು ಒಂದು ವಸ್ತುವಿಲ್ಲದೆ ಬದುಕಬಹುದಾದರೆ ಅದು ನಿಜಕ್ಕೂ ಬೇಕೇ ಎಂದು ಅಳಿಯ ಕೇಳಿದರು. ಅಡುಗೆಮನೆಗೆ ಒಪ್ಪುವ ಪ್ರಶ್ನೆ ಅದು. ದೇವರಮನೆಗೂ ಪುಸ್ತಕದ ಕಪಾಟಿಗೂ ಒಪ್ಪುವುದಿಲ್ಲ.

ಕೆಲಸಕ್ಕೆ ಬರುವುದು

ಬಂಧುಗಳ ಸಲಹೆಗಳಿಗೆ ಬರವಿರಲಿಲ್ಲ. ನ್ಯೂಜೆರ್ಸಿಯಲ್ಲಿರುವ ಹತ್ತಿರದವರೊಬ್ಬರು ವಿದ್ಯುತ್ ಉಪಕರಣ ಯಾವುದನ್ನೂ ಒಯ್ಯಬೇಡಿ ಎಂದು ಖಂಡಿತವಾಗಿ ಹೇಳಿದರು. ಅವರ ಊರಿನ ಮಟ್ಟಿಗೆ ಅದು ನಿಜ. ಅಮೆರಿಕದ ವಿದ್ಯುತ್ತು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ನಮ್ಮ ಮಿಕ್ಸರ್ ಅಲ್ಲಿ ನಿತ್ರಾಣವಾಗಿ ತಿರುಗುತ್ತದೆ, ಅದಕ್ಕೆಂದೇ ಭಾರದ ಟ್ರಾನ್ಸ್‌ಫಾರ್ಮರ್ ಇಟ್ಟುಕೊಳ್ಳಬೇಕಾಗುತ್ತದೆ. ಆದರೆ ಆಸ್ಟ್ರೇಲಿಯ, ಬ್ರಿಟನ್, ಸಿಂಗಪುರಗಳ ವಿದ್ಯುತ್ತು ನಮ್ಮಂತೆಯೇ 230 ವೋಲ್ಟ್, 50 ಹರ್ಟ್ಸ್. ಬದಲಾಗುವುದು ಪ್ಲಗ್ಗಿನ ಆಕಾರವಷ್ಟೆ. ದೋಸೆ ಹಿಟ್ಟಿಗೆ ಕಲ್ಲಿನ ಗ್ರೈಂಡರೇ ಆಗಬೇಕೆನ್ನುವ ಕುಟುಂಬ ಮೆಲ್ಬರ್ನ್‌ಗೆ ಅದನ್ನು ಧೈರ್ಯವಾಗಿ ಒಯ್ಯಬಹುದು. ಒಂದು ದೇಶದ ಅನುಭವವನ್ನು ಇನ್ನೊಂದು ದೇಶಕ್ಕೆ ಹಾಗೆಯೇ ಅನ್ವಯಿಸಲಾಗದು ಎಂಬುದಕ್ಕೆ ಇದಕ್ಕಿಂತ ಸರಳ ನಿದರ್ಶನ ಬೇಡ.

ದೊಡ್ಡ ಉಪಕರಣಗಳ ಮಾತು ಬೇರೆ. ಆಸ್ಟ್ರೇಲಿಯದಲ್ಲಿ ಬಾಡಿಗೆ ಮನೆಗಳು ಬಹುತೇಕ ಬರಿದಾಗಿಯೇ ದೊರೆಯುತ್ತವೆ. ಒಲೆ ಇರುತ್ತದೆ, ರೆಫ್ರಿಜರೇಟರ್ ಮತ್ತು ಬಟ್ಟೆ ಒಗೆಯುವ ಯಂತ್ರ ಬಾಡಿಗೆದಾರರದೇ. ಹಾಗೆಂದು ಇಲ್ಲಿನದನ್ನು ಒಯ್ಯುವುದು ಜಾಣತನವಲ್ಲ. ರೆಫ್ರಿಜರೇಟರ್ ಒಂದೇ ಅರ್ಧ ಘನ ಮೀಟರಿಗಿಂತ ಹೆಚ್ಚು ಜಾಗ ತಿನ್ನುತ್ತದೆ, ತಲುಪುವುದೂ ಮೂರು ತಿಂಗಳ ಮೇಲೆ. ಬಳಸಿದ ಉಪಕರಣಗಳೂ ಪೀಠೋಪಕರಣಗಳೂ ಅಲ್ಲಿ ಕೈಗೆಟುಕುವ ಬೆಲೆಗೆ ಸಿಗುತ್ತವೆ.

ಸುಂಕದ ನಿಯಮವನ್ನೂ ಮೊದಲೇ ತಿಳಿದಿರಬೇಕು. ಆಸ್ಟ್ರೇಲಿಯದಲ್ಲಿ 12 ತಿಂಗಳಿಗೂ ಹೆಚ್ಚು ಕಾಲ ನಮ್ಮ ಒಡೆತನದಲ್ಲಿದ್ದು ಬಳಕೆಯಾದ ಗೃಹಬಳಕೆಯ ವಸ್ತುಗಳಿಗೆ ಸುಂಕ, ತೆರಿಗೆಗಳ ವಿನಾಯಿತಿ ಇದೆ. ಅಮೆರಿಕವೂ ಒಂದು ವರ್ಷ ಬಳಸಿದ ಮನೆಸಾಮಾನಿಗೆ ವಿನಾಯಿತಿ ಕೊಡುತ್ತದೆ. ಬ್ರಿಟನ್ನಿನಲ್ಲಿ ಆರು ತಿಂಗಳ ಒಡೆತನ ಸಾಕು, ಆದರೆ ಅರ್ಜಿ ಸಲ್ಲಿಸಿ ಅನುಮತಿ ಪಡೆದಿರಬೇಕು. ನಮ್ಮಲ್ಲಿ ವಿದೇಶಕ್ಕೆ ಹೊರಡುವ ಮುನ್ನ ಹೊಸ ಕುಕ್ಕರ್, ಹೊಸ ಪಾತ್ರೆಗಳ ಸೆಟ್, ಹೊಸ ಕಂಬಳಿ ಕೊಂಡುಕೊಡುವುದು ಬಂಧುಗಳ ಪ್ರೀತಿಯ ಪದ್ಧತಿ. ಈ ನಿಯಮದ ಕಣ್ಣಿನಲ್ಲಿ ಮಸಿ ಹಿಡಿದ ಹಳೆಯ ಕುಕ್ಕರಿಗೇ ಹೆಚ್ಚು ಮರ್ಯಾದೆ.

ಸಮುದ್ರವನ್ನು ನಂಬುವುದಕ್ಕೂ ಒಂದು ಮಿತಿಯಿದೆ. 2025ರ ಮೇ ತಿಂಗಳಲ್ಲಿ ‘ಎಂಎಸ್‌ಸಿ ಎಲ್ಸಾ 3’ ಎಂಬ ಹಡಗು 600ಕ್ಕೂ ಹೆಚ್ಚು ಕಂಟೇನರುಗಳೊಂದಿಗೆ ಕೊಚ್ಚಿಯ ಬಳಿ ಮುಳುಗಿದ್ದು ನಮಗೆಲ್ಲ ನೆನಪಿದೆ. 2021ರಲ್ಲಿ ಸೂಯೆಜ್ ಕಾಲುವೆಯಲ್ಲಿ ‘ಎವರ್ ಗಿವನ್’ ಸಿಕ್ಕಿಕೊಂಡಾಗ ಅದರ ಒಡೆಯರು ಸಾಗರ ವ್ಯಾಪಾರದ ಪುರಾತನ ಕಟ್ಟಳೆಯೊಂದನ್ನು ಜಾರಿಗೊಳಿಸಿದರು. ಹಡಗನ್ನು ಉಳಿಸಿಕೊಳ್ಳಲು ಆದ ಖರ್ಚನ್ನು ಅದರಲ್ಲಿ ಸರಕಿಟ್ಟವರೆಲ್ಲರೂ ಹಂಚಿಕೊಳ್ಳಬೇಕೆಂಬ ಕಟ್ಟಳೆ ಅದು. ಆದ್ದರಿಂದ ವಿಮೆ ಬೇಕೇ ಬೇಕು. ನಾವೇ ಕಟ್ಟಿದ ಪೆಟ್ಟಿಗೆಯೊಳಗಿನ ಒಡಕಿಗೆ ಅನೇಕ ವಿಮಾ ಕರಾರುಗಳು ಪರಿಹಾರ ಕೊಡುವುದಿಲ್ಲ ಎಂಬುದನ್ನೂ ಓದಿಕೊಳ್ಳಬೇಕು. ವಿಮೆಯಿಂದ ತುಂಬಿಕೊಳ್ಳಲಾಗದ ವಸ್ತು ಯಾವುದೋ ಅದನ್ನು ಹಡಗಿಗೆ ಹಾಕದಿರುವುದು ಒಳ್ಳೆಯದು. ಅಂಕಪಟ್ಟಿಗಳು, ಜನನ ಪ್ರಮಾಣಪತ್ರ, ಲಸಿಕೆಯ ದಾಖಲೆ, ಒಡವೆ, ಒಂದೇ ಪ್ರತಿಯಿರುವ ಭಾವಚಿತ್ರ ಇವೆಲ್ಲ ಕೈಚೀಲದಲ್ಲೇ ಹೋದವು.

ಕಾನೂನಿನ ಜರಡಿ

ಮನಸ್ಸು ಮತ್ತು ಹಣ ಎರಡೂ ಒಪ್ಪಿದ ಮೇಲೂ ಎರಡು ದೇಶಗಳ ಕಾನೂನು ಒಪ್ಪಬೇಕು. ಆಸ್ಟ್ರೇಲಿಯದ ಜೈವಿಕ ಸುರಕ್ಷತಾ ವ್ಯವಸ್ಥೆ ಜಗತ್ತಿನಲ್ಲೇ ಬಿಗಿಯಾದವುಗಳಲ್ಲಿ ಒಂದು. ಅದು ಹೆದರುವ ಕೀಟಗಳಲ್ಲಿ ಒಂದಕ್ಕೆ ನಮ್ಮ ನಾಡಿನ ಹೆಸರೇ ಇದೆ: ಖಾಪ್ರಾ ದುಂಬಿ. ಭಾರತ ಉಪಖಂಡದ ಮೂಲದ್ದೆಂದು ಹೇಳಲಾಗುವ ಈ ಪುಟ್ಟ ಕೀಟ ದಾಸ್ತಾನು ಮಾಡಿದ ಧಾನ್ಯವನ್ನು ಹಾಳುಗೆಡವುತ್ತದೆ. ಇದರ ಮರಿ ಆಹಾರವಿಲ್ಲದೆ ವರ್ಷಗಟ್ಟಲೆ ಸಂದುಗೊಂದುಗಳಲ್ಲಿ ಬದುಕಿರಬಲ್ಲದು. ಅಮೆರಿಕ 2011ರಿಂದ ನಮ್ಮಲ್ಲಿಂದ ಹೋಗುವವರು ತಮ್ಮ ಸಾಮಾನಿನಲ್ಲಿ ಅಕ್ಕಿ ತರುವುದನ್ನು ನಿಷೇಧಿಸಿದೆ. ಆಸ್ಟ್ರೇಲಿಯ 2020ರಲ್ಲಿ ಮನೆಸಾಮಾನಿನ ಜೊತೆ ಅಕ್ಕಿ, ಕಡಲೆ, ತೊಗರಿ, ಹೆಸರು, ಕೊತ್ತಂಬರಿ ಬೀಜ, ಜೀರಿಗೆ, ಒಣಮೆಣಸಿನಕಾಯಿ ಮುಂತಾದವು ಬರುವುದನ್ನು ತಡೆಯಿತು. ಸಾರಿನ ಪುಡಿಗೆ ಬೇಕಾದುದೆಲ್ಲ ಈ ಪಟ್ಟಿಯಲ್ಲಿದೆಯಲ್ಲ ಎಂದು ನನ್ನ ಹೆಂಡತಿ ನಿಟ್ಟುಸಿರಿಟ್ಟಳು. ಅವೆಲ್ಲ ಮೆಲ್ಬರ್ನ್‌ನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ ಎಂದು ಮಗಳು ಸಮಾಧಾನ ಹೇಳಿದಳು.

ಮಣ್ಣಿನ ಕಣವೂ ಅಲ್ಲಿಗೆ ಹೋಗುವಂತಿಲ್ಲ. ಮೊಮ್ಮಗಳ ಸೈಕಲ್ಲಿನ ಚಕ್ರ, ಅಳಿಯನ ಚಾರಣದ ಬೂಟು, ಕುಂಡದ ಸಲಿಕೆಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆದೆವು. ಒಡೆಯುವ ಪದಾರ್ಥಗಳನ್ನು ಭತ್ತದ ಹುಲ್ಲಿನಲ್ಲಿ ಸುತ್ತುವ ನಮ್ಮ ಹಳೆಯ ಜಾಣ್ಮೆಗೂ ಅಲ್ಲಿ ಅವಕಾಶವಿಲ್ಲ. ಸರಕಿನ ಮರದ ಚೌಕಟ್ಟುಗಳೂ ಅಂತರರಾಷ್ಟ್ರೀಯ ನಿಯಮದಂತೆ ತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 30 ನಿಮಿಷ ಕಾದಿರಬೇಕು ಅಥವಾ ಒಪ್ಪಿತವಾದ ಬೇರೆ ಉಪಚಾರಕ್ಕೆ ಒಳಗಾಗಿರಬೇಕು, ಆ ಬಗ್ಗೆ ಮುದ್ರೆ ಇರಬೇಕು. ಸಂಶಯ ಬಂದ ಪೆಟ್ಟಿಗೆಯನ್ನು ಅಲ್ಲಿನ ಅಧಿಕಾರಿಗಳು ಬಿಚ್ಚಿ ನೋಡುತ್ತಾರೆ. ಉಪಚಾರವೋ ನಾಶವೋ, ಖರ್ಚು ನಮ್ಮದೇ.

ನಮ್ಮ ಕಡೆಯ ಕಾನೂನೂ ಸುಮ್ಮನಿಲ್ಲ, ಮತ್ತು ಇದನ್ನು ಅರಿಯದವರೇ ಹೆಚ್ಚು. 1972ರ ಪ್ರಾಚೀನ ವಸ್ತುಗಳು ಮತ್ತು ಕಲಾ ನಿಧಿಗಳ ಅಧಿನಿಯಮದ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ಚಿತ್ರ, ಕಲಾಕೃತಿಗಳನ್ನು ಖಾಸಗಿಯವರು ದೇಶದಾಚೆ ಒಯ್ಯುವಂತಿಲ್ಲ. ಸಾಹಿತ್ಯಿಕ ಅಥವಾ ಐತಿಹಾಸಿಕ ಮೌಲ್ಯದ ಹಸ್ತಪ್ರತಿಗಳಿಗೆ 75 ವರ್ಷವೇ ಸಾಕು. ಅಜ್ಜನ ಕಾಲದ ತಾಳೆಗರಿಯ ಕಟ್ಟು, ತಾತ ಮುತ್ತಾತಂದಿರು ಪೂಜಿಸಿದ ಪಂಚಲೋಹದ ಮೂರ್ತಿ ನಮ್ಮದಾದರೂ ದೇಶದ ಗಡಿ ದಾಟಲಾರವು. ಹಳೆಯದಾಗಿ ತೋರುವ ವಸ್ತು ಪ್ರಾಚೀನವಲ್ಲವೆಂದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪ್ರಮಾಣಪತ್ರ ಪಡೆದಿಟ್ಟುಕೊಳ್ಳುವುದು ಕ್ಷೇಮ. ಮೈಸೂರಿನ ಹಳೆಯ ಕುಸುರಿ ಪೀಠೋಪಕರಣಗಳಲ್ಲಿ ಆನೆಯ ದಂತ ಕೂರಿಸಿದ್ದರೆ ವನ್ಯಜೀವಿ ಕಾನೂನು ಅಡ್ಡ ಬರುತ್ತದೆ. ಬೀಟೆ ಮರ 2017ರಿಂದ ಅಳಿವಿನಂಚಿನ ಪ್ರಭೇದಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ವ್ಯಾಪ್ತಿಗೆ ಬಂದಿರುವುದರಿಂದ ಭಾರೀ ಪೀಠೋಪಕರಣಗಳಿಗೆ ಅನುಮತಿಪತ್ರ ಬೇಕು.

ನಮ್ಮ ಮನೆಯಲ್ಲಿ ಈ ಕಾನೂನು ಬಂದು ತಡೆದದ್ದು ಪಟ್ಟದ ಗೊಂಬೆಗಳ ಮುಂದೆ. ನನ್ನ ಹೆಂಡತಿ ಮೈಸೂರಿನವಳು. ಮದುವೆಯಲ್ಲಿ ತವರಿನವರು ಕೊಟ್ಟ ರಾಜ ರಾಣಿಯರ ಜೋಡಿ ಪ್ರತಿ ನವರಾತ್ರಿಯಲ್ಲೂ ಮೇಲಿನ ಮೆಟ್ಟಿಲಿನಲ್ಲಿ ಕೂರುತ್ತದೆ. ಮಗಳಿಗೆ ಅದನ್ನು ಕೊಟ್ಟು ಕಳುಹಿಸುವುದು ಅವಳ ಬಹುಕಾಲದ ಆಸೆ. ಹಳೆಯ ಪಟ್ಟದ ಗೊಂಬೆಗಳನ್ನು ಸಂಪ್ರದಾಯದಂತೆ ರಕ್ತಚಂದನದಲ್ಲಿ ಕೆತ್ತುತ್ತಾರೆ. ರಕ್ತಚಂದನ 1995ರಿಂದ ಅದೇ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ಪರವಾನಗಿಯಿಲ್ಲದೆ ಅದನ್ನು ಹೊರದೇಶಕ್ಕೆ ಸಾಗಿಸುವುದು ಅಪರಾಧ. ಕಳ್ಳಸಾಗಣೆಗಾರರಿಗೆಂದು ಮಾಡಿದ ಕಾನೂನು ಒಂದು ಗೇಣುದ್ದದ ರಾಣಿಯನ್ನೂ ಬಿಡುವುದಿಲ್ಲವೇ ಎಂದು ಅವಳು ಕೇಳಿದಳು. ಬಿಡಬಾರದು ಎಂದೇ ನನಗನ್ನಿಸುತ್ತದೆ. ಎಲ್ಲರ ರಾಣಿಯರಿಗೂ ವಿನಾಯಿತಿ ಕೊಡುತ್ತ ಹೋದರೆ ಶೇಷಾಚಲದ ಕಾಡಿನಲ್ಲಿ ಮರ ಉಳಿಯದು. ಆದರೆ ಆ ಸಂಜೆ ಈ ತರ್ಕವನ್ನು ಬಾಯಿಬಿಟ್ಟು ಹೇಳುವ ಹೊತ್ತಾಗಿರಲಿಲ್ಲ. ರಾಜ ರಾಣಿಯರು ಇಲ್ಲಿಯೇ ಉಳಿದರು. ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳು ಒಂದು ಪೆಟ್ಟಿಗೆಯಷ್ಟು ಹೋದವು.

ಹೆಸರು ಕೊರೆದ ಪಾತ್ರೆಗಳು

ಹೆಚ್ಚು ದಿನ ಹಿಡಿದದ್ದು ಯಾರೂ ನಿರೀಕ್ಷಿಸದ ಒಂದು ಕಪಾಟು. ನಮ್ಮಲ್ಲಿ ಮದುವೆ, ಗೃಹಪ್ರವೇಶ, ನಾಮಕರಣಗಳಿಗೆ ಸ್ಟೀಲಿನ ಪಾತ್ರೆ ಕೊಡುವವರು ಅದರ ಮೇಲೆ ತಮ್ಮ ಹೆಸರು, ತಾರೀಖು ಕೊರೆಸುವುದು ವಾಡಿಕೆ. ಮಗಳ ಮನೆಯಲ್ಲಿ ಅವಳ ಮದುವೆಯ ಪಾತ್ರೆಗಳಲ್ಲದೆ ನನ್ನ ತಾಯಿಯ ಕಾಲದವೂ ಸೇರಿ ನೂರಕ್ಕೂ ಮೇಲ್ಪಟ್ಟು ಇದ್ದವು. ಹಳೆಯ ಪಾತ್ರೆ ಕೊಳ್ಳುವವನು ಬಂದು ಎಲ್ಲವನ್ನೂ ಗೋಣಿಚೀಲಕ್ಕೆ ಹಾಕಿ ತೂಗಲು ಸಿದ್ಧನಾದ. ಅವನ ಲೆಕ್ಕದಲ್ಲಿ ಅವು ಇಷ್ಟು ಕಿಲೋ ಉಕ್ಕು.

ತಡೆದವಳು ಮಗಳು. ಅಂದು ರಾತ್ರಿ ಅವಳು ಒಂದೊಂದನ್ನೂ ದೀಪದ ಬೆಳಕಿಗೆ ಹಿಡಿದು ಓದಿದಳು, ನಾನು ಬರೆದುಕೊಂಡೆ. ಹಾವೇರಿಯ ಸೋದರತ್ತೆ 1974ರಲ್ಲಿ ಕೊಟ್ಟ ಕೊಳಗ. ನನ್ನ ತಂದೆಯ ಸಹೋದ್ಯೋಗಿಗಳೆಲ್ಲ ಸೇರಿ ಕೊಟ್ಟ ಹರಿವಾಣ. ಹೆಸರಿದ್ದೂ ಯಾರೆಂದು ನೆನಪಾಗದವರ ನಾಲ್ಕು ಲೋಟಗಳು. ನಮ್ಮ ಕುಟುಂಬದಲ್ಲಿ ಯಾರೂ ವಂಶಾವಳಿ ಬರೆದಿಟ್ಟವರಲ್ಲ. ಯಾರ ಮದುವೆ ಯಾವ ವರ್ಷ, ಯಾರು ಯಾರಿಗೆ ಹತ್ತಿರದವರಾಗಿದ್ದರು, ಯಾವ ಮನೆಯೊಂದಿಗೆ ಹೋಗಿ ಬರುವುದು ಯಾವಾಗ ನಿಂತಿತು ಎಂಬುದೆಲ್ಲ ಆ ಪಾತ್ರೆಗಳ ಅಂಚಿನಲ್ಲಿತ್ತು. ಹೆಂಗಸರ ಹೆಸರುಗಳೂ ಅಲ್ಲಿ ಗಂಡಸರಷ್ಟೇ ಸ್ಪಷ್ಟವಾಗಿದ್ದವು. ಆಸ್ತಿಯ ಪತ್ರಗಳಲ್ಲಿ ಹಾಗಿರಲಿಲ್ಲ.

ಮಗಳು ಎಲ್ಲದರ ಛಾಯಾಚಿತ್ರ ತೆಗೆದುಕೊಂಡಳು. ಒಂದರೊಳಗೊಂದು ಕೂರುವ ಹನ್ನೆರಡು ಡಬ್ಬಿ, ಲೋಟಗಳನ್ನು ಮಾತ್ರ ಆರಿಸಿದಳು; ದಿನವೂ ಕೈಗೆ ಬರುವಂಥವು ಎಂಬುದೇ ಅವಳ ಮಾನದಂಡ. ಉಳಿದವು ಹೋದವು. ಮಾಡಬಹುದಾದ ಕೆಲಸ ಅಷ್ಟೇ ಎಂದು ತೋರುತ್ತದೆ. ನೆನಪಿನ ವಸ್ತುವನ್ನು ಪೆಟ್ಟಿಗೆಯಲ್ಲಿ ಹೂತಿಡುವುದಕ್ಕಿಂತ ಬಳಕೆಗೆ ತರುವುದು ಲೇಸು, ಬಳಕೆಗೆ ಬಾರದುದರ ಸುದ್ದಿಯನ್ನಾದರೂ ಬರೆದಿಟ್ಟುಕೊಳ್ಳುವುದು ಲೇಸು.

ಪುಸ್ತಕಗಳಿಗೂ ಇದೇ ಮಾನದಂಡ ನೆರವಾಯಿತು. ಹಳೆಯ ಕನ್ನಡ ಗ್ರಂಥಗಳು ಸಾವಿರಗಟ್ಟಲೆ ಇಂದು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಓದಲು ಸಿಗುತ್ತವೆ. ಭಾರತ ಡಿಜಿಟಲ್ ಗ್ರಂಥಾಲಯದ ಸಂಗ್ರಹವೂ ಅಲ್ಲಿದೆ. ಅಂಥವನ್ನು ಹೊರುವ ಅಗತ್ಯವಿಲ್ಲ. ಹೊರಬೇಕಾದುದು ಪರದೆಯ ಮೇಲೆ ಓದಲಾಗದವು, ಮುಖ್ಯವಾಗಿ ಮಕ್ಕಳ ಪುಸ್ತಕಗಳು. ಎಂಟು ವರ್ಷದ ಹುಡುಗಿಗೆ ಕನ್ನಡ ಅಕ್ಷರ ಈಗಷ್ಟೇ ಕೂಡಿಬರುತ್ತಿದೆ. ಇನ್ನೆರಡು ವರ್ಷ ಕೈಗೆ ಸಿಗುವಲ್ಲಿ ಪುಸ್ತಕವಿದ್ದರೆ ಓದು ಉಳಿಯುತ್ತದೆ, ಇಲ್ಲದಿದ್ದರೆ ಕನ್ನಡವೆಂಬುದು ಅವಳಿಗೆ ದೂರವಾಣಿಯಲ್ಲಿ ಅಜ್ಜಿಯೊಂದಿಗೆ ಆಡುವ ಮಾತಾಗಿ ನಿಂತುಬಿಡುತ್ತದೆ. ಮೂರು ಘನ ಮೀಟರಿನಲ್ಲಿ ನಾನು ಬಾಯಿಬಿಟ್ಟು ಕೇಳಿದ್ದು ಈ ಪುಸ್ತಕಗಳಿಗೆ ನಾಲ್ಕು ಪೆಟ್ಟಿಗೆಗಳ ಜಾಗವನ್ನು ಮಾತ್ರ. ಮಗಳು ಐದು ಕೊಟ್ಟಳು.

ಮೊಮ್ಮಗಳಿಗೂ ಅವಳದೇ ಒಂದು ಪೆಟ್ಟಿಗೆ ಕೊಟ್ಟು, ಏನು ಹಾಕಿದರೂ ಯಾರೂ ಪ್ರಶ್ನಿಸುವುದಿಲ್ಲವೆಂದು ಮಾತು ಕೊಟ್ಟಿದ್ದೆವು. ಬೆಲೆಬಾಳುವ ಆಟಿಕೆಗಳನ್ನೆಲ್ಲ ಬಿಟ್ಟು ಅವಳು ಹಾಕಿದ್ದು ಶಾಲೆಯ ಗುರುತಿನ ಚೀಟಿ, ಗೆಳತಿಯರು ಸಹಿ ಮಾಡಿದ ಸಮವಸ್ತ್ರದ ಅಂಗಿ, ಮನೆಯ ಹೆಸರಿನ ಫಲಕ, ಮತ್ತು ನನ್ನ ತಾಯಿ ಹಳೆಯ ಇಳಕಲ್ ಸೀರೆಗಳಿಂದ ಹೊಲಿದ ಕೌದಿ. ಆ ಕೌದಿ ಯಾರ ಪಟ್ಟಿಯಲ್ಲೂ ಇರಲಿಲ್ಲ. ಹರಿದಿದೆ, ಬಣ್ಣ ಮಾಸಿದೆ, ಬಾಡಿಗೆಯ ಲೆಕ್ಕದಲ್ಲಿ ಗಾಳಿ ತುಂಬಿದ ಸರಕು. ಹೊಲಿದವರನ್ನು ಆ ಹುಡುಗಿ ನೋಡಿಯೂ ಇಲ್ಲ. ಹುಟ್ಟಿದಾಗಿನಿಂದ ಹೊದ್ದು ಮಲಗಿದ್ದಾಳೆ, ಅದೇ ಕಾರಣ. ಇದಕ್ಕಿಂತ ಒಳ್ಳೆಯ ಕಾರಣ ನಮ್ಮ ಯಾರ ಪಟ್ಟಿಯಲ್ಲೂ ಇರಲಿಲ್ಲ.

ಉಳಿದವರ ಮನೆ

ಸ್ಥಳಾಂತರದ ಮಾತು ಬಂದಾಗ ಹೊರಡುವವರ ಕಷ್ಟವನ್ನೇ ಎಲ್ಲರೂ ನೆನೆಯುತ್ತಾರೆ. ಇಲ್ಲಿ ಉಳಿಯುವವರ ಮನೆಗಳ ಗತಿಯನ್ನೂ ಸ್ವಲ್ಪ ನೋಡಬೇಕು. ಜಯನಗರ, ಮಲ್ಲೇಶ್ವರ, ಮೈಸೂರಿನ ಸರಸ್ವತೀಪುರಂ, ಎಲ್ಲಿಯಾದರೂ ವಯಸ್ಸಾದ ದಂಪತಿ ಮಾತ್ರ ಇರುವ ಮನೆಗೆ ಹೋಗಿ. ಬೀಗ ಹಾಕಿದ ಒಂದು ಕೋಣೆ ತೋರಿಸುತ್ತಾರೆ. ಅದು ಮಗನದೋ ಮಗಳದೋ ಸಾಮಾನು. ನಾಲ್ಕು ವರ್ಷದಲ್ಲಿ ಬಂದು ನೋಡುತ್ತೇವೆ ಎಂದಿದ್ದವರಿಗೆ ಹದಿನಾಲ್ಕು ವರ್ಷವಾದರೂ ಪುರುಸೊತ್ತಾಗಿಲ್ಲ. ಬಂದಾಗಲೂ ಇರುವುದು ಮೂರು ವಾರ, ಅದರಲ್ಲಿ ಎರಡು ಮದುವೆ, ಒಂದು ತೀರ್ಥಯಾತ್ರೆ, ಹಲ್ಲಿನ ವೈದ್ಯರ ಭೇಟಿ. ಕಾಲು ಗಂಟೆ ಕೋಣೆಯ ಬಾಗಿಲಲ್ಲಿ ನಿಂತು ಮುಂದಿನ ಸಲ ಎಂದು ಬೀಗ ಹಾಕುತ್ತಾರೆ. ಗೆದ್ದಲು ಬಾರದಂತೆ, ಸೋರದಂತೆ ಆ ಕೋಣೆಯನ್ನು ಕಾಯುವುದು ಎಪ್ಪತ್ತೈದು ದಾಟಿದವರ ಕೆಲಸವಾಗಿದೆ.

ಇದನ್ನು ಪ್ರೀತಿಯ ಕೊರತೆ ಎನ್ನಲಾರೆ. ನಿರ್ಧಾರದ ನೋವನ್ನು ಮುಂದೂಡುವ ಸುಲಭದ ಹಾದಿ ತಂದೆತಾಯಿಯರ ಮನೆಯಲ್ಲಿ ಒಂದು ಖಾಲಿ ಕೋಣೆಯ ರೂಪದಲ್ಲಿ ಸಿಗುತ್ತದೆ, ಅಷ್ಟೆ. ತಂದೆತಾಯಿಯರೂ ಬೇಡವೆನ್ನುವುದಿಲ್ಲ. ಸಾಮಾನು ಇದ್ದರೆ ಮಕ್ಕಳು ಮರಳಿ ಬರುವ ಸಾಧ್ಯತೆಯೂ ಇದೆ ಎಂಬ ಆಸೆ ಅವರಿಗೂ ಇರುತ್ತದೆ. ಆ ಆಸೆಯನ್ನು ಬಲ್ಲೆನಾದ್ದರಿಂದಲೇ ಮಗಳಿಗೆ ಒಂದು ಮಾತನ್ನು ಮೊದಲೇ ಹೇಳಿದ್ದೆ: ನಮ್ಮ ಮನೆಯಲ್ಲಿ ನಿನಗೆ ಹಾಸಿಗೆ ಯಾವಾಗಲೂ ಇರುತ್ತದೆ, ನಿನ್ನ ಸಾಮಾನಿಗೆ ಒಂದು ಕಪಾಟು ಮಾತ್ರ. ಮಾತು ಒರಟಾಗಿತ್ತು. ಅವಳಿಗೆ ಕಣ್ಣು ತುಂಬಿದ್ದನ್ನೂ ಕಂಡೆ. ಆದರೆ ಮೂರನೆಯ ಪಟ್ಟಿ ಕರಗತೊಡಗಿದ್ದು ಆ ಮಾತಿನ ಮೇಲೆಯೇ.

ಹಂಚುವುದರಲ್ಲೂ ಒಂದು ಮರ್ಯಾದೆ ಇದೆ. ನಮಗೆ ಬೇಡವಾದುದೆಲ್ಲ ಬಡವರಿಗೆ ಬೇಕಾಗಿರುತ್ತದೆ ಎಂಬ ನಂಬಿಕೆ ಮಧ್ಯಮ ವರ್ಗದಲ್ಲಿ ಬೇರೂರಿದೆ. ಮಗಳ ಮನೆಯಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ ಹೆಣ್ಣುಮಗಳಿಗೆ ರೆಫ್ರಿಜರೇಟರ್ ಕೊಡುವುದೆಂದು ಎಲ್ಲರೂ ಮಾತಾಡಿಕೊಂಡಿದ್ದರು. ಅವಳನ್ನೇ ಕೇಳಿದಾಗ ತನ್ನ ಮನೆಯಲ್ಲಿ ಅದನ್ನಿಡಲು ಜಾಗವಿಲ್ಲವೆಂದಳು. ಸಂಕೋಚದಿಂದ ಹೊಲಿಗೆ ಯಂತ್ರ ಕೊಡುತ್ತೀರಾ ಎಂದಳು. ಮೂಲೆಯಲ್ಲಿ ಧೂಳು ಹಿಡಿದಿದ್ದ ಆ ಯಂತ್ರದಿಂದ ಈಗ ರವಿಕೆ ಹೊಲಿಯುತ್ತಿದ್ದಾಳೆ. ಕೇಳಿ ಕೊಟ್ಟರೆ ಅದು ಕೊಡುಗೆ. ಕೇಳದೆ ಹೊರಿಸಿದರೆ ನಮ್ಮ ಕಸವನ್ನು ಅವರ ಬಾಗಿಲಿಗೆ ಸರಿಸಿದಂತೆ.

ಹತ್ತನೆಯ ವಾರದಲ್ಲಿ ಸರಕು ಮೆಲ್ಬರ್ನ್ ತಲುಪಿತು. ಅಧಿಕಾರಿಗಳು ಎರಡು ಪೆಟ್ಟಿಗೆ ಬಿಚ್ಚಿ ನೋಡಿ, ಬಿದಿರಿನ ಮೊರವೊಂದನ್ನು ಪರೀಕ್ಷೆಗೆ ತೆಗೆದಿಟ್ಟರಂತೆ. ಆರು ತಿಂಗಳ ಮೇಲೆ ಮಗಳನ್ನು ಕೇಳಿದೆ, ಯಾವುದು ಬಳಕೆಯಾಗುತ್ತಿದೆ, ಯಾವುದು ಇಲ್ಲ ಎಂದು. ಗ್ರೈಂಡರ್ ವಾರಕ್ಕೆರಡು ಬಾರಿ ತಿರುಗುತ್ತದೆ. ಹೆಸರಿನ ಲೋಟಗಳಲ್ಲಿ ದಿನವೂ ಕಾಫಿ. ಮಕ್ಕಳ ಪುಸ್ತಕಗಳಲ್ಲಿ ಮೂರು ಪೆಟ್ಟಿಗೆ ಬಿಚ್ಚಿದೆ, ಎರಡು ಬಿಚ್ಚಿಲ್ಲ. ರೇಷ್ಮೆ ಸೀರೆಗಳ ಪೆಟ್ಟಿಗೆ ಹಾಗೆಯೇ ಇದೆ. ಕೌದಿಯ ಒಂದು ಅಂಚು ಬಿಟ್ಟುಕೊಂಡಿದ್ದು, ಅಲ್ಲಿಯೇ ಪರಿಚಯವಾದ ಧಾರವಾಡದ ಕಡೆಯ ಹಿರಿಯರೊಬ್ಬರು ಹೊಲಿದುಕೊಟ್ಟಿದ್ದಾರೆ.

ಇತ್ತ ನಾವಿಬ್ಬರೂ ಎಲ್ಲಿಗೂ ಹೊರಟಿಲ್ಲ. ಆದರೂ ಅದೇ ರೂಲು ಹಾಕಿದ ಪುಸ್ತಕದಲ್ಲಿ ಈಗ ನಮ್ಮ ಮನೆಯ ಪಟ್ಟಿ ಬರೆಯಲು ತೊಡಗಿದ್ದೇವೆ. ಯಾವ ಪಾತ್ರೆ ಯಾರಿಗೆ, ಯಾವ ಪುಸ್ತಕ ಯಾವ ಶಾಲೆಗೆ, ಪಟ್ಟದ ಗೊಂಬೆಗಳನ್ನು ಇಲ್ಲಿಯೇ ಇರುವ ಯಾವ ತಂಗಿಯ ಮಗಳು ಕೂರಿಸಬಲ್ಲಳು ಎಂದು ದಿನಕ್ಕೊಂದು ಕಪಾಟಿನಂತೆ ಕುಳಿತು ಮಾತಾಡುತ್ತೇವೆ. ಕೆಲವು ದಿನ ಜಗಳವೂ ಆಗುತ್ತದೆ. ಆದರೆ ಕೇಳಿದರೆ ಉತ್ತರಿಸುವವರು ಇರುವಾಗಲೇ ಈ ಜಗಳ ಆಗಿಬಿಡುವುದು ಒಳ್ಳೆಯದು. ಮುಂದೊಮ್ಮೆ ಮಗಳು ಮೂರು ವಾರದ ರಜೆಯಲ್ಲಿ ಬಂದು ಬೀಗ ತೆರೆದಾಗ ಅವಳಿಗೆ ಸಿಗಬೇಕಾದುದು ಓದಲು ಬರುವ ಒಂದು ಪಟ್ಟಿ. ಯಾರದೆಂದು ತಿಳಿಯದ ಪೆಟ್ಟಿಗೆಗಳ ಕೋಣೆಯಲ್ಲ.